ಬೈಪಾಸ್ ಆದ ಮೇಲೆ ಯೋಗ: ನೀವು ಯಾವುದು ಮಾಡಿದಿರಿ, ಯಾವುದು ಬಿಟ್ಟಿರಿ?

ಅಪ್ಪನಿಗೆ ಬೈಪಾಸ್ ಆಗಿ ಐದು ವಾರ. ಈಗ ವಿಜಯಪುರದ ಮನೆಯಲ್ಲೇ ಇದ್ದಾರೆ. ಗಾಯ ಒಣಗಿದೆ. ಆದರೆ ರಾತ್ರಿ ಎರಡಕ್ಕೆ ಎದ್ದು ಕೂರುತ್ತಾರೆ, ಸಣ್ಣ ಮಾತಿಗೂ ಸಿಟ್ಟು, ಒಮ್ಮೊಮ್ಮೆ ಕಣ್ಣಲ್ಲಿ ನೀರು. ಓಣಿಯವರೆಲ್ಲ ಪ್ರಾಣಾಯಾಮ ಮಾಡಿಸಿ ಅನ್ನುತ್ತಿದ್ದಾರೆ. ಅನುಭವ ಇದ್ದವರು ಹೇಳ್ರಿ.

ಬಾಗಲಕೋಟೆ ನವನಗರದಿಂದ:
ತಂಗಿ, ನನಗೆ ಆಪರೇಷನ್ ಆಗಿ ಮೂರು ವರ್ಷ. ಸಿಟ್ಟು, ಅಳು ಎರಡೂ ನನಗೂ ಇದ್ದವು. ಜೀವ ಉಳಿದ ಮೇಲೆ ಯಾಕೆ ಅಳುತ್ತೀರಿ ಅಂತ ಮನೆಯಲ್ಲಿ ಕೇಳಿದರೆ ನನಗೇ ಗೊತ್ತಿರಲಿಲ್ಲ.

ಮೊದಲು ನನ್ನ ತಪ್ಪು ಹೇಳುತ್ತೇನೆ. ಆರನೇ ವಾರಕ್ಕೆ ಒಂದು ಶಿಬಿರಕ್ಕೆ ಹೋದೆ. ಬೈಪಾಸ್ ಆಗಿದೆ ಅಂದರೂ ‘ಏನೂ ಆಗಲ್ಲ’ ಅಂತ ಕಪಾಲಭಾತಿ ಮಾಡಿಸಿದರು. ಹತ್ತು ಸಲ ಹೊಟ್ಟೆ ಎಳೆಯುವಷ್ಟರಲ್ಲಿ ತಲೆ ಗಿರ್ ಅಂತು, ಎದೆ ನಡುವೆ ಚುಳ್ ಅಂತು. ಡಾಕ್ಟರ್ ಚೆನ್ನಾಗಿ ಬೈದರು. ಎದೆಮೂಳೆ ಸೀಳಿ, ತಂತಿಯಿಂದ ಕೂಡಿಸಿರುತ್ತಾರಲ್ಲ, ಅದು ಗಟ್ಟಿಯಾಗಲು ಎರಡು ಮೂರು ತಿಂಗಳು ಬೇಕು. ಅಲ್ಲಿವರೆಗೆ ಕಪಾಲಭಾತಿ, ರಭಸದಿಂದ ಉಸಿರಾಡುವ ಭಸ್ತ್ರಿಕಾ, ಉಸಿರು ಹಿಡಿಯುವ ಕುಂಭಕ, ಸೂರ್ಯ ನಮಸ್ಕಾರ ಯಾವುದೂ ಬೇಡ. ತಲೆ ಕೆಳಗಾಗುವ ಆಸನಗಳನ್ನು ನಾನು ಇವತ್ತಿಗೂ ಮುಟ್ಟಿಲ್ಲ.

ಇನ್ನೊಂದು, ಕುರ್ಚಿ. ಯೋಗ ಅಂದರೆ ಚಾಪೆ ಹಾಸಿ ಕೂರುವುದೇ ಅಲ್ವಾ? ಕೂರುವುದೇನೋ ಸುಲಭ, ಏಳುವಾಗ ಅಂಗೈ ಊರಿದರೆ ಭಾರವೆಲ್ಲ ಎದೆಗೆ. ಹೃದಯಕ್ಕೆ ಜೋಡಿಸಲು ಕಾಲಿನಿಂದ ರಕ್ತನಾಳ ತೆಗೆದಿದ್ದರೆ ವಜ್ರಾಸನವೂ ಕಷ್ಟ. ನಾನು ಕುರ್ಚಿಯಲ್ಲಿ ಕೂತು ನಿಧಾನ ಉಸಿರು ಎಳೆದು, ಅದಕ್ಕಿಂತ ಜಾಸ್ತಿ ಹೊತ್ತು ಬಿಡುತ್ತಿದ್ದೆ. ಹತ್ತು ನಿಮಿಷ, ಅಷ್ಟೇ. ಕೆಮ್ಮು ಬಂದರೆ ದಿಂಬು ಎದೆಗೆ ಅವಚಿಕೊಳ್ಳುವುದು. ನಿದ್ದೆ ಬರದಾಗ ಎರಡು ದಿಂಬಿಗೆ ಒರಗಿ ಸಣ್ಣಗೆ ಗುಂಯ್ ಅನ್ನುವ ಭ್ರಾಮರಿ. ‘ಮನೆಯೊಳಗೆ ಜೇನುಹುಳ ಹೊಕ್ಕಿದೆ’ ಅಂತ ನಮ್ಮವಳು ನಗುತ್ತಿದ್ದಳು.

ನಡಿಗೆ ಐದು ನಿಮಿಷದಿಂದ ಶುರು ಮಾಡಿ ಅರ್ಧ ಗಂಟೆಗೆ ಮುಟ್ಟಿಸಿದೆ. ಮಾತಾಡುತ್ತಾ ನಡೆಯಲು ಆಗಬೇಕು, ಅದೇ ಅಳತೆ. ನಾಡಿ ಎಣಿಸಿ ಉಪಯೋಗವಿಲ್ಲ, ಬಡಿತ ತಗ್ಗಿಸುವ ಗುಳಿಗೆ ಕೊಟ್ಟಿರುತ್ತಾರೆ, ದಣಿದರೂ ಅದು ಅಷ್ಟಾಗಿ ಏರುವುದಿಲ್ಲ. ಬೇಸಿಗೆಯಾದರೆ ಬಿಸಿಲೇರುವ ಮೊದಲೇ ಮುಗಿಸಿ.

ಬೆಳಗಾವಿಯಿಂದ:
ನಮ್ಮ ಯಜಮಾನರಿಗೆ ವಾಲ್ವ್ ಬದಲಿಸಿದ್ದು. ಪ್ರಾಣಾಯಾಮಕ್ಕಿಂತ ಜಾಸ್ತಿ ಗುಣ ಕೊಟ್ಟದ್ದು ಬಾಗಿಲು ಮುಚ್ಚಿದ್ದು! ಮಾತಾಡಿಸಲು ಬಂದವರೆಲ್ಲ, ನಮ್ಮ ಕಾಕಾಗೂ ಹೀಗೇ ಆಗಿತ್ತು, ಮೂರೇ ತಿಂಗಳು ಇದ್ದರು ಅಂತ ಕಥೆ ಬಿಚ್ಚುತ್ತಿದ್ದರು. ಅವತ್ತು ರಾತ್ರಿ ಇವರಿಗೆ ನಿದ್ದೆ ಇಲ್ಲ. ಕೊನೆಗೆ ಸಂಜೆ ಅರ್ಧ ಗಂಟೆ ಮಾತ್ರ ಅಂತ ಗೆರೆ ಎಳೆದೆ. ಕೆಲವರು ಮುನಿಸಿಕೊಂಡರು, ಇರಲಿ.

ಫಿಸಿಯೊಥೆರಪಿ ಮಾಡುವವಳು, ವಿಜಯಪುರದಿಂದ:
ಹೃದಯಾಘಾತ ಆದವರ ಮೇಲೆ ‘ಯೋಗ-ಕೇರ್’ ಅಂತ ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಅಧ್ಯಯನ ನಡೆದು, 2020ರಲ್ಲಿ ಫಲಿತಾಂಶ ಬಂತು. ಯೋಗ ಮಾಡಿದವರು ಹುರುಪಾಗಿದ್ದರು, ಮೊದಲಿನ ಕೆಲಸಗಳಿಗೆ ಚೆನ್ನಾಗಿ ಮರಳಿದರು. ಆದರೆ ಸಾವು, ಮತ್ತೆ ಆಘಾತ ಕಡಿಮೆಯಾಯಿತು ಅಂತ ಖಚಿತವಾಗಲಿಲ್ಲ. ಹಾಗಾಗಿ ಗುಳಿಗೆ ಬಿಡಿಸಬೇಡಿ. ಎದೆಮೂಳೆ ಕಟ್ ಕಟ್ ಅಂದರೆ, ಎದೆನೋವು, ತಲೆಸುತ್ತು ಬಂದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ. ಅಳು ಎರಡು ವಾರ ದಾಟಿದರೆ ಅದನ್ನೂ ಬಾಯಿಬಿಟ್ಟು ಹೇಳಿ.

ಕೇಳಿದವಳು:
ಎಲ್ಲರಿಗೂ ಶರಣು. ಇವತ್ತು ಕುರ್ಚಿಯಲ್ಲಿ ಕೂರಿಸಿದೆ. ಎಂಟು ನಿಮಿಷಕ್ಕೆ ಎದ್ದು ‘ಸ್ಕೂಟರ್ ಯಾವಾಗ?’ ಅಂದರು.

ನವನಗರದಿಂದ:
ಡಾಕ್ಟರ್ ಹೂಂ ಅನ್ನುವವರೆಗೆ ಕೀಲಿ ಅಡಗಿಸಿಡು ತಂಗಿ.