ಅಪ್‌ಡೇಟ್: ಪುಟ್ಟ ಉಗಿ ಎಂಜಿನ್ ಈಗ ಮಾತು ಕೇಳುತ್ತಿದೆ

45 ಮಿ.ಮೀ. ಅಂತರದ ಹಳಿಗಳ ಮೇಲೆ ಓಡುವ ನನ್ನ ಮಾದರಿ ರೈಲಿನ ಉಗಿ ಎಂಜಿನ್ ಬಿಸಿಯೇರಿದೊಡನೆ ರಿಮೋಟ್‌ಗೆ ಬಗ್ಗುವುದಿಲ್ಲ, ಏಕೆ ಎಂದು ಕೇಳಿದ್ದೆ. ಹೆಚ್ಚಿನವರು ರಿಮೋಟ್‌ನ ಸಂಕೇತ ಹಿಡಿಯುವ ರಿಸೀವರನ್ನು ಅನುಮಾನಿಸಿದಿರಿ. ಪಾಪ, ಅದು ನಿರಪರಾಧಿ. ಉಗಿ ಕವಾಟ ತಿರುಗಿಸುವ ಸರ್ವೊ ಎಂಬ ಪುಟ್ಟ ಮೋಟಾರನ್ನು ನಾನೇ ಬಾಯ್ಲರ್ ಬೆನ್ನಿಗೆ ಒತ್ತಿ ಕೂರಿಸಿದ್ದೆ. ಬಿಚ್ಚಿ ನೋಡಿದರೆ ಅದರ ಪ್ಲಾಸ್ಟಿಕ್ ತೋಳು ಬಿಸಿಲಿಗಿಟ್ಟ ಮೇಣದಂತೆ ಬಾಗಿತ್ತು. ಈಗ ಸರ್ವೊ, ಬ್ಯಾಟರಿ ಎರಡೂ ಟೆಂಡರ್‌ನಲ್ಲಿ, ಅಂದರೆ ಎಂಜಿನ್ ಹಿಂದಿನ ಬಂಡಿಯಲ್ಲಿವೆ. ಉದ್ದನೆಯ ಉಕ್ಕಿನ ತಂತಿ ಕವಾಟವನ್ನು ಎಳೆಯುತ್ತದೆ. ಸಂಕೇತ ತಪ್ಪಿದರೆ ಕವಾಟ ತಾನಾಗಿ ಮುಚ್ಚುವಂತೆ ಫೇಲ್‌ಸೇಫ್ ಕೂಡ ಹೊಂದಿಸಿದೆ.

ಕೊಳವೆಬಾವಿ ನೀರು ಬೇಡವೆಂದವರಿಗೆ ವಿಶೇಷ ನಮಸ್ಕಾರ. ಕಲಬುರಗಿಯ ನಮ್ಮ ಮನೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಳಿ ಪದರ ಕಟ್ಟುವುದನ್ನು ದಿನವೂ ಕಂಡಿದ್ದರೂ ತಾಮ್ರದ ಬಾಯ್ಲರ್‌ಗೆ ಅದನ್ನೇ ಸುರಿದಿದ್ದೆ! ಈಗ ಡಿಸ್ಟಿಲ್ಡ್ ವಾಟರ್ ಮಾತ್ರ.

ನಿನ್ನೆ ಸಂಜೆ ಮಾಳಿಗೆಯ ಮೇಲೆ ಹನ್ನೊಂದು ಸುತ್ತು ಓಡಿತು. ಹನ್ನೆರಡನೆಯದರಲ್ಲಿ ಬಾಯ್ಲರ್ ಕಾಯಿಸುವ ಗ್ಯಾಸ್ ಮುಗಿಯಿತು.