ಅಪ್‌ಡೇಟ್: ಅಪ್ಪನ ಫಿಸ್ಟುಲಾ ಕೊನೆಗೆ ಮೊಣಕೈಯಲ್ಲಿ ಆಯಿತು

ಅಪ್ಪನ ಡಯಾಲಿಸಿಸ್‌ಗೆ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಹಾಕಲು ಕೈಯ ಅಪಧಮನಿ-ಸಿರೆ ಜೋಡಿಸಿ ಮಾಡುವ ದಾರಿ) ಮಣಿಕಟ್ಟಿನಲ್ಲಿ ಮಾಡಿಸೋದಾ, ಮೊಣಕೈಯಲ್ಲಾ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಆಪರೇಷನ್ ಚೆನ್ನಾಗಿ ಆಯಿತು.

ನೀವು ಹೇಳಿದಂತೆ ಡಾಕ್ಟರು ಮೊದಲು ನೋಡಿದ್ದು ಮಣಿಕಟ್ಟನ್ನೇ. 1966ರಲ್ಲಿ ಬ್ರೆಷಿಯಾ, ಚಿಮಿನೊ ಮತ್ತು ಸಂಗಡಿಗರು ಪ್ರಕಟಿಸಿದ ವಿಧಾನ ಅದು. ಅಲ್ಲಿನ ಅಪಧಮನಿಗೆ ಪಕ್ಕದ ಸಿರೆಯನ್ನು ಜೋಡಿಸಿ ಹೊಲಿಯುತ್ತಾರೆ. ಅದು ಕೈಕೊಟ್ಟರೂ ಮೇಲೆ ಮೊಣಕೈ ಉಳಿದಿರುತ್ತದೆ, ಅಲ್ವಾ? ಆದರೆ ರಕ್ತನಾಳ ನೋಡುವ ಡಾಪ್ಲರ್ ಸ್ಕ್ಯಾನ್‌ನಲ್ಲಿ ಅಪ್ಪನ ಮಣಿಕಟ್ಟಿನ ಸಿರೆ 2 ಮಿ.ಮೀ.ಗಿಂತ ಸಣ್ಣದು ಅಂತ ಬಂತು. ಹಾಗಾಗಿ ಎಡ ಮೊಣಕೈಯಲ್ಲಿ ಬ್ರೇಕಿಯೋಸೆಫಾಲಿಕ್ ಫಿಸ್ಟುಲಾ (ತೋಳಿನ ಬ್ರೇಕಿಯಲ್ ಅಪಧಮನಿಗೆ ಸೆಫಾಲಿಕ್ ಸಿರೆ ಜೋಡಿಸುವುದು) ಮಾಡಿದರು. ಕೈಗಷ್ಟೇ ಮರಗಟ್ಟಿಸುವ ಇಂಜೆಕ್ಷನ್. ಅಪ್ಪ ಎಚ್ಚರವಾಗಿದ್ದು ಡಾಕ್ಟರ ಜೊತೆ ಮಾತಾಡುತ್ತಲೇ ಇದ್ದರಂತೆ!

ಈಗ ಆ ಜಾಗದ ಮೇಲೆ ಬೆರಳಿಟ್ಟರೆ ಜುಮ್ ಅಂತ ಕಂಪನ ಸಿಗುತ್ತದೆ. ಇದಕ್ಕೆ ಥ್ರಿಲ್ ಅಂತಾರೆ. ದಿನಾ ಮುಟ್ಟಿ ನೋಡಬೇಕು. ನಿಂತುಹೋದರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆ ಕೈಯಲ್ಲಿ ಬಿಪಿ ನೋಡುವಂತಿಲ್ಲ, ರಕ್ತ ತೆಗೆಯುವಂತಿಲ್ಲ. ಮೊನ್ನೆ ಲ್ಯಾಬ್‌ನ ಹುಡುಗ ಎಡಗೈಗೇ ಪಟ್ಟಿ ಕಟ್ಟಲು ಬಂದಾಗ ಅಮ್ಮ ಅಡ್ಡ ಕೈ ಹಿಡಿದು ತಡೆದರು. ಸುಮ್ನೆ ಅಲ್ಲ, ಅಷ್ಟು ಕಟ್ಟುನಿಟ್ಟು ಬೇಕೇ ಬೇಕು.

ಗ್ರಾಫ್ಟ್ ಬಗ್ಗೆ ಕೇಳಿದವರಿಗೆ: ಸ್ವಂತ ಸಿರೆ ಸರಿಹೋಗದಿದ್ದರೆ ಕೃತಕ ಕೊಳವೆ ಹಾಕುತ್ತಾರೆ. ಬೇಗ ಬಳಸಬಹುದು, ಆದರೆ ಸೋಂಕು, ಹೆಪ್ಪುಗಟ್ಟುವುದು ಜಾಸ್ತಿ. ಅಪ್ಪನಿಗೆ ಅದು ಬೇಕಾಗಲಿಲ್ಲ.

ಸದ್ಯ ಡಯಾಲಿಸಿಸ್ ಕುತ್ತಿಗೆಯ ಸಿರೆಗೆ ಹಾಕಿದ ಕೊಳವೆ, ಅಂದರೆ ಕ್ಯಾತಿಟರ್‌ನಲ್ಲೇ ನಡೆಯುತ್ತಿದೆ. ಸಿರೆ ಸುಮಾರು 6 ಮಿ.ಮೀ. ಅಗಲವಾಗಿ, ನಿಮಿಷಕ್ಕೆ 600 ಮಿ.ಲೀ.ನಷ್ಟು ರಕ್ತ ಹರಿದರೆ ಸೂಜಿ ಹಾಕಬಹುದಂತೆ. ಮುಂದಿನ ಸ್ಕ್ಯಾನ್‌ನಲ್ಲಿ ಅದನ್ನೇ ಅಳೆಯುತ್ತಾರೆ.