ಸಹಾಯ ಬೇಕು: ಜಾಹೀರಾತು ಯಾಕೆ ತಿರಸ್ಕರಿಸಿದ್ರಿ ಅಂತ ಯಾರನ್ನು ಕೇಳಬೇಕು?

ಎಲ್ಲರಿಗೂ ನಮಸ್ಕಾರ. ನಾವು ಮನೆಯಲ್ಲೇ ರಾಗಿ ಹುರಿಹಿಟ್ಟು ಮಾಡಿ ಮಾರುತ್ತೇವೆ. ಒಂದು ದೊಡ್ಡ ಸೋಷಿಯಲ್ ಮೀಡಿಯಾ ಕಂಪನಿಯಲ್ಲಿ ದುಡ್ಡು ಕೊಟ್ಟು ಜಾಹೀರಾತು ಹಾಕಲು ಹೋದರೆ ತಿರಸ್ಕರಿಸಿದ್ದಾರೆ. ಫೋಟೊದಲ್ಲಿ ಇರುವುದು ಒಂದು ಪ್ಯಾಕೆಟ್, ಪಕ್ಕದಲ್ಲಿ ಹಿಟ್ಟು ಕಲಸಿದ ಬಟ್ಟಲು. ಕೆಳಗೆ ‘ಬೆಲ್ಲ ಹಾಕಿ ಕಲಸಿ, ಬೆಳಗಿನ ತಿಂಡಿಗೆ ಚೆನ್ನಾಗಿರುತ್ತೆ’ ಅಂತ ಒಂದು ಸಾಲು. ಅಷ್ಟೇ! ಬಂದ ಉತ್ತರ: ‘ನಮ್ಮ ಜಾಹೀರಾತು ನೀತಿಗೆ ಹೊಂದುವುದಿಲ್ಲ.’ ಯಾವ ನಿಯಮ, ಯಾವ ಪದ, ಒಂದೂ ಹೇಳಿಲ್ಲ. ಮರುಪರಿಶೀಲನೆ ಕೇಳಿದೆ, ಅದೇ ವಾಕ್ಯ ವಾಪಸ್ ಬಂತು. ನೋಡಿದ್ದು ಮನುಷ್ಯರೋ ಮೆಷಿನ್ನೋ.

ಹೊಟ್ಟೆ ಉರಿಯುವುದು ಯಾಕೆ ಅಂದ್ರೆ, ಅದೇ ಆ್ಯಪ್‌ನಲ್ಲಿ ‘ಶುಗರ್ ಬುಡಸಮೇತ ಮಾಯ’ ಅನ್ನುವ ಜಾಹೀರಾತು ಆರಾಮಾಗಿ ಓಡುತ್ತಿದೆ. ಸಕ್ಕರೆ ಕಾಯಿಲೆ ವಾಸಿ ಮಾಡ್ತೀವಿ ಅಂತ ಔಷಧಿ ಜಾಹೀರಾತು ಕೊಡುವುದನ್ನು 1954ರ ಕಾಯ್ದೆಯೇ ನಿಷೇಧಿಸಿದೆ, ಅಲ್ವಾ?

2021ರ ಐಟಿ (ಮಾಹಿತಿ ತಂತ್ರಜ್ಞಾನ) ನಿಯಮಗಳ ಪ್ರಕಾರ ಇಂಥ ಕಂಪನಿಗೆ ಕುಂದುಕೊರತೆ ಅಧಿಕಾರಿ ಇರಲೇಬೇಕು. ಅವರ ತೀರ್ಮಾನ ಒಪ್ಪಿಗೆ ಆಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಆನ್‌ಲೈನ್‌ನಲ್ಲೇ ಹೋಗಬಹುದು. ದುಡ್ಡು ಕೊಟ್ಟು ಹಾಕುವ ಜಾಹೀರಾತಿನ ತಕರಾರನ್ನೂ ಅಲ್ಲಿ ತಗೋತಾರಾ? ಯಾರಾದರೂ ದೂರು ಹಾಕಿ ನೋಡಿದ್ದೀರಾ? ಸ್ಕ್ರೀನ್‌ಶಾಟ್ ಬಿಟ್ಟು ಇನ್ನೇನು ಲಗತ್ತಿಸಬೇಕು ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ.